ಬೇರೆ ಬೇರೆ ಊರಲ್ಲಿ ಕೂತು ಮಾಡುವ ಪಾಡ್‌ಕಾಸ್ಟ್‌ನ ದನಿ ಏಕೆ ಕೆಡುತ್ತದೆ?

ಪ್ರಶ್ನೆ: ನಾವು ಮೂವರು ಗೆಳೆಯರು. ಒಬ್ಬರು ಧಾರವಾಡದಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದುಬೈನಲ್ಲಿ ಇದ್ದೇವೆ. ವಿಡಿಯೊ ಕರೆಯಲ್ಲಿ ಮಾತಾಡಿ, ಅದನ್ನೇ ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಹಾಕುತ್ತೇವೆ. ಒಬ್ಬರ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ, ಇನ್ನೊಬ್ಬರದು ನಡುನಡುವೆ ತುಂಡಾಗುತ್ತದೆ, ಇಬ್ಬರು ಒಟ್ಟಿಗೆ ನಕ್ಕರೆ ಒಬ್ಬರ ನಗು ಕೇಳುವುದೇ ಇಲ್ಲ. ಒಳ್ಳೆಯ ಮೈಕ್ ಕೊಂಡರೆ ಸರಿಹೋಗುತ್ತದೆಯೇ? ಈಗಾಗಲೇ ರೆಕಾರ್ಡ್ ಆಗಿರುವ ಕಂತುಗಳಿಗೆ ಏನಾದರೂ ಮಾಡಬಹುದೇ?

ಉತ್ತರ: ಮೈಕ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡು ಕರೆಯಿಂದ ಬಂದವು, ಒಂದು ಕೋಣೆಯಿಂದ ಬಂದದ್ದು. ಅದೇ ಕೋಣೆಯಲ್ಲಿ ಕೂತು ಅದೇ ಕರೆಯನ್ನು ರೆಕಾರ್ಡ್ ಮಾಡುವುದಾದರೆ ಎಷ್ಟು ದುಬಾರಿ ಮೈಕ್ ತಂದರೂ ದುಡ್ಡು ದಂಡ.

ಕರೆಯ ಆ್ಯಪ್‌ಗಳ ಮುಖ್ಯ ಕೆಲಸ ಮಾತನ್ನು ತಡವಿಲ್ಲದೆ ತಲುಪಿಸುವುದು, ದನಿಯ ಸೊಗಸು ಕಾಪಾಡುವುದಲ್ಲ. ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಹಿಂಡಿ ಕಳಿಸುತ್ತವೆ. ದಾರಿಯಲ್ಲಿ ಒಂದು ಚೂರು ತಪ್ಪಿಹೋದರೆ ಅದನ್ನು ಮತ್ತೆ ತರಿಸಿಕೊಳ್ಳುವಷ್ಟು ಪುರುಸೊತ್ತಿಲ್ಲ. ಅಕ್ಕಪಕ್ಕದ ದನಿ ನೋಡಿ ಅಂದಾಜಿನಲ್ಲಿ ಆ ಜಾಗ ತುಂಬುತ್ತವೆ. ಸಾಲಾಗಿ ಹಲವು ಚೂರು ತಪ್ಪಿದರೆ ಅಂದಾಜೂ ಕೈಕೊಡುತ್ತದೆ, ಮಾತು ತುಂಡಾಗುತ್ತದೆ. ನಗು ಮಾಯವಾಗುವುದಕ್ಕೆ ಕಾರಣ ಬೇರೆ. ಇಬ್ಬರು ಒಟ್ಟಿಗೆ ದನಿ ತೆಗೆದಾಗ ಪ್ರತಿಧ್ವನಿ ತಡೆಯುವ ವ್ಯವಸ್ಥೆ ಒಬ್ಬರ ದನಿಯನ್ನು ಪ್ರತಿಧ್ವನಿ ಎಂದೇ ಬಗೆದು ತಗ್ಗಿಸಿಬಿಡುತ್ತದೆ. ನಗುವನ್ನಂತೂ ಗದ್ದಲ ಎಂದುಕೊಂಡು ಅಳಿಸುವುದೂ ಉಂಟು.

ಆದ್ದರಿಂದ ಕರೆ ಇರಲಿ, ಆದರೆ ಅದು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಕ್ಕೆ ಮಾತ್ರ. ರೆಕಾರ್ಡಿಂಗ್ ಪ್ರತಿಯೊಬ್ಬರೂ ತಾವು ಕೂತಲ್ಲೇ, ತಮ್ಮ ದನಿಯನ್ನಷ್ಟೇ ಮಾಡಿಕೊಳ್ಳಬೇಕು. ಆಮೇಲೆ ಮೂರೂ ಫೈಲ್‌ಗಳನ್ನು ಒಬ್ಬರು ತರಿಸಿಕೊಂಡು ಜೋಡಿಸಬೇಕು. ಧಾರವಾಡದಲ್ಲಿ ನೆಟ್ ಎಷ್ಟೇ ಕೈಕೊಟ್ಟರೂ ಅಲ್ಲಿನ ಫೋನಿನಲ್ಲಿ ಕೂತ ದನಿಗೆ ಏನೂ ಆಗುವುದಿಲ್ಲ.

ಇದಕ್ಕೆ ಬೇಕಾದ ಸಾಮಾನು ನಿಮ್ಮಲ್ಲಿ ಆಗಲೇ ಇದೆ. ಲ್ಯಾಪ್‌ಟಾಪಿನಲ್ಲಿ ಕರೆ, ಫೋನಿನಲ್ಲಿ ರೆಕಾರ್ಡಿಂಗ್. ಲ್ಯಾಪ್‌ಟಾಪ್ ಇಲ್ಲದವರು ಮನೆಯವರ ಇನ್ನೊಂದು ಫೋನ್ ತೆಗೆದುಕೊಳ್ಳಲಿ. ಒಂದೇ ಫೋನಿನಲ್ಲಿ ಎರಡೂ ಬೇಡ: ಕರೆ ನಡೆಯುತ್ತಿರುವಾಗ ಬಹುತೇಕ ಫೋನ್‌ಗಳು ರೆಕಾರ್ಡರ್‌ಗೆ ಮೈಕ್ ಬಿಟ್ಟುಕೊಡುವುದಿಲ್ಲ, ಒಂದು ಗಂಟೆ ಮಾತಾಡಿದ ಮೇಲೆ ನೋಡಿದರೆ ಫೈಲ್ ಖಾಲಿ ಇರುತ್ತದೆ. ರೆಕಾರ್ಡ್ ಮಾಡುವ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲವಾದರೆ ನಡುವೆ ಬರುವ ಒಂದು ಕರೆ ರೆಕಾರ್ಡಿಂಗನ್ನೇ ನಿಲ್ಲಿಸಬಹುದು. ರೆಕಾರ್ಡರ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವೇವ್ ಫೈಲ್ (ದನಿಯನ್ನು ಹಿಂಡದೆ ಇಡುವ ಬಗೆ), 48 ಕಿಲೋಹರ್ಟ್ಸ್ ಸ್ಯಾಂಪಲ್ ದರ (ಸೆಕೆಂಡಿಗೆ 48,000 ಸಲ ದನಿಯ ಅಳತೆ), ಮೋನೊ (ಒಂದೇ ಚಾನೆಲ್) ಆರಿಸಿ. ಐಫೋನಿನ ವಾಯ್ಸ್ ಮೆಮೋಸ್‌ನಲ್ಲಿ ಆಡಿಯೊ ಗುಣಮಟ್ಟವನ್ನು ‘ಲಾಸ್‌ಲೆಸ್’ ಮಾಡಿದರೆ ಸಾಕು. 16 ಬಿಟ್‌ನ ಮೋನೊ ವೇವ್ ಫೈಲ್ ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ. ಫೋನಿನಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮೂವರೂ ಇಯರ್‌ಫೋನ್ ಹಾಕಲೇಬೇಕು. ಒಬ್ಬರು ಸ್ಪೀಕರ್‌ನಲ್ಲಿ ಕೇಳಿಸಿಕೊಂಡರೂ ಉಳಿದಿಬ್ಬರ ದನಿ ಅವರ ಫೈಲ್‌ಗೆ ಸೇರುತ್ತದೆ, ಜೋಡಿಸುವಾಗ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ. ತೆಗೆಯಲು ಆಗದ ಕಲೆ ಅದು. ಇಯರ್‌ಫೋನ್ ತಂತಿಯದೇ ಇರಲಿ. ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿನ ಮೈಕ್ ಚಾಲೂ ಆದೊಡನೆ ಅದು ಹಾಡಿನ ಕ್ರಮ ಬಿಟ್ಟು ಕರೆಯ ಕ್ರಮಕ್ಕೆ ಇಳಿಯುತ್ತದೆ, ಸ್ಯಾಂಪಲ್ ದರ 16 ಅಥವಾ 8 ಕಿಲೋಹರ್ಟ್ಸ್‌ಗೆ ಬೀಳುತ್ತದೆ. ದರದ ಅರ್ಧದವರೆಗಿನ ದನಿ ಮಾತ್ರ ಉಳಿಯುವುದರಿಂದ, ದರ 8 ಆದಾಗ 4 ಕಿಲೋಹರ್ಟ್ಸ್‌ಗಿಂತ ಮೇಲಿನ ದನಿಯೆಲ್ಲ ಹೋಯಿತು ಎಂದೇ ಲೆಕ್ಕ. ‘ಸ’ಕಾರದ ಸೀಟಿಯಂಥ ಚೂಪು ಇರುವುದು ಮುಖ್ಯವಾಗಿ ಅಲ್ಲೇ.

ಇನ್ನು ಬಾವಿಯ ದನಿ. ನಮ್ಮ ಮನೆಗಳ ನೆಲ ಟೈಲ್ಸ್, ಗ್ರಾನೈಟ್ ಇಲ್ಲವೇ ರೆಡ್ ಆಕ್ಸೈಡ್, ಗೋಡೆಗೆ ನುಣ್ಣನೆಯ ಗಾರೆ. ಮಾತು ಎಲ್ಲ ಕಡೆ ಬಡಿದು ವಾಪಸ್ ಬರುತ್ತದೆ. ಬಾಯಿಂದ ಮೈಕಿಗೆ ನೇರವಾಗಿ ಬರುವ ದನಿ ದೂರ ಎರಡರಷ್ಟಾದಾಗ 6 ಡೆಸಿಬಲ್ (ದನಿಯ ಗಟ್ಟಿತನದ ಅಳತೆ) ಇಳಿಯುತ್ತದೆ, ಗೋಡೆಯಿಂದ ತಿರುಗಿ ಬರುವ ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 60 ಸೆಂಟಿಮೀಟರ್ ಆಚೆ ಇದ್ದ ಮೈಕನ್ನು 15 ಸೆಂಟಿಮೀಟರ್‌ಗೆ ತಂದರೆ ನಿಮ್ಮ ದನಿ ಕೋಣೆಯ ಪ್ರತಿಧ್ವನಿಗೆ ಹೋಲಿಸಿದರೆ 12 ಡೆಸಿಬಲ್ ಮೇಲೇಳುತ್ತದೆ. ಕಾಸು ಖರ್ಚಿಲ್ಲದೆ ಇಷ್ಟು ಲಾಭ ಇನ್ಯಾವುದರಿಂದಲೂ ಸಿಗದು. ನಾಲ್ಕೈದು ದಪ್ಪ ಪುಸ್ತಕ ಪೇರಿಸಿ, ಮೇಲೆ ಮಡಿಸಿದ ಟವೆಲ್ ಹಾಕಿ ಫೋನ್ ಇಡಿ. ಚಾರ್ಜಿಂಗ್ ತೂತಿನ ಕಡೆಯ ಅಂಚು ಬಾಯಿಗೆ ಮುಖ ಮಾಡಿರಲಿ, ಮೈಕ್ ಸಾಮಾನ್ಯವಾಗಿ ಅಲ್ಲಿರುತ್ತದೆ. ಬಾಯಿಯ ನೇರಕ್ಕೆ ಬೇಡ, ತುಸು ಪಕ್ಕಕ್ಕಿರಲಿ. ಇಲ್ಲದಿದ್ದರೆ ‘ಪ’, ‘ಬ’, ‘ಭ’ ಬಂದಾಗಲೆಲ್ಲ ಉಸಿರು ಬಡಿದು ‘ಧಬ್’ ಎನ್ನುತ್ತದೆ. ಕೂರುವ ಜಾಗಕ್ಕೆ ಮಲಗುವ ಕೋಣೆಯೇ ವಾಸಿ. ಎದುರಿಗೆ ಹಾಸಿಗೆ, ಬೆನ್ನ ಹಿಂದೆ ಬಾಗಿಲು ತೆರೆದ ಬಟ್ಟೆ ಬೀರು, ಮೇಜಿನ ಮೇಲೊಂದು ರಗ್ಗು. ಫ್ಯಾನ್ ಆಫ್ ಮಾಡಿ. ಸೆಖೆಯಾದರೆ 20 ನಿಮಿಷಕ್ಕೊಮ್ಮೆ ಮಾತು ನಿಲ್ಲಿಸಿ, ಸ್ವಲ್ಪ ಹೊತ್ತು ಫ್ಯಾನ್ ಹಾಕಿಕೊಂಡು, ಆರಿಸಿ, ಮತ್ತೆ ಶುರು ಮಾಡಿ. ರೆಕಾರ್ಡರ್ ಮಾತ್ರ ಓಡುತ್ತಲೇ ಇರಲಿ.

ಜೋಡಿಸುವಾಗ ಹೊಂದಿಸಿಕೊಳ್ಳಲು ಗುರುತು ಬೇಕಲ್ಲ, ಚಪ್ಪಾಳೆ ತಟ್ಟಿ ಎಂದು ಹಲವರು ಹೇಳುತ್ತಾರೆ. ಚಪ್ಪಾಳೆಯನ್ನು ಕರೆಯ ಆ್ಯಪ್ ಗದ್ದಲವೆಂದು ಅಳಿಸಿಬಿಡಬಹುದು. ಬದಲಿಗೆ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ಗಟ್ಟಿಯಾಗಿ ‘ಟಕ್’ ಎನ್ನಿ. ಮುಗಿಸುವಾಗಲೂ ಹಾಗೆಯೇ ಮಾಡಿ. ಕರೆಯನ್ನೂ ಒಂದು ಕಡೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅದು ಪ್ರಸಾರಕ್ಕಲ್ಲ, ಯಾರ ಮಾತು ಯಾವಾಗ ಬಂತು ಎಂದು ತೋರಿಸುವ ನಕ್ಷೆ. ಯಾರದಾದರೂ ಫೈಲ್ ಹಾಳಾದರೆ ಆಪತ್ತಿಗೂ ಆಗುತ್ತದೆ. ಆಡಾಸಿಟಿ ಎಂಬ ದನಿ ಸಂಕಲನದ ಸಾಫ್ಟ್‌ವೇರ್‌ನಲ್ಲಿ ಅದನ್ನು ಮೇಲಿನ ಟ್ರ್ಯಾಕ್ (ದನಿಯ ಸಾಲು) ಆಗಿ ಹಾಕಿ, ಪ್ರತಿಯೊಬ್ಬರ ಫೈಲ್‌ನ ‘ಟಕ್’ ಅನ್ನು ಅದರ ‘ಟಕ್’ಗೆ ಸರಿಹೊಂದಿಸಿ.

ಶುರುವಿನಲ್ಲಿ ಕೂಡಿಬಂದದ್ದು ಕೊನೆಯಲ್ಲಿ ಕೂಡದೆ ಹೋದರೆ ಗಾಬರಿಯಾಗಬೇಡಿ. ಪ್ರತಿ ಫೋನಿನೊಳಗಿನ ಗಡಿಯಾರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಓಡುತ್ತದೆ. ಹತ್ತು ಲಕ್ಷದಲ್ಲಿ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್ ಆಯಿತು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರುವಾದಂತೆ ಕೇಳಲು ಅಷ್ಟು ಸಾಕು. ಹತ್ತು ನಿಮಿಷಕ್ಕೊಂದು ಕಡೆ, ಆ ವ್ಯಕ್ತಿ ಸುಮ್ಮನಿರುವ ಜಾಗದಲ್ಲಿ ಟ್ರ್ಯಾಕ್ ಕತ್ತರಿಸಿ, ಮುಂದಿನ ತುಂಡನ್ನು ಚೂರೇ ಸರಿಸಿ.

ಫೈಲ್ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಆಡಿಯೊ ಎಂದಲ್ಲ, ‘ಡಾಕ್ಯುಮೆಂಟ್’ ಎಂದು ಕಳಿಸಿ. 2 ಜಿಬಿವರೆಗೆ ಹೋಗುತ್ತದೆ, ಫೈಲ್ ಇದ್ದ ಹಾಗೇ ತಲುಪುತ್ತದೆ. ಇಷ್ಟೆಲ್ಲ ಕೈಯಾರೆ ಮಾಡುವುದು ಕಷ್ಟವೆನಿಸಿದರೆ ರಿವರ್‌ಸೈಡ್, ಝೆನ್‌ಕಾಸ್ಟರ್‌ನಂಥ ಸೇವೆಗಳು ಬ್ರೌಸರ್‌ನಲ್ಲೇ ಪ್ರತಿಯೊಬ್ಬರ ದನಿಯನ್ನು ಅವರವರ ಕಂಪ್ಯೂಟರಿನಲ್ಲಿ ಹಿಡಿದು ಅಪ್‌ಲೋಡ್ ಮಾಡುತ್ತವೆ. ಅಲ್ಲಿ ಅತಿಥಿಗೆ ಹೇಳಬೇಕಾದ್ದು ಒಂದೇ: ಮಾತು ಮುಗಿಯಿತೆಂದು ಟ್ಯಾಬ್ ಮುಚ್ಚಬೇಡಿ, ಅಪ್‌ಲೋಡ್ ಪೂರ್ತಿಯಾಗಲಿ.

ಸಂಕಲನದಲ್ಲಿ ಎಚ್ಚರ ಬೇಕಾದ ಜಾಗ ಗದ್ದಲ ತೆಗೆಯುವುದು. ಇದನ್ನು ಅತಿ ಮಾಡಿದರೆ ಕನ್ನಡಕ್ಕೆ ಬೀಳುವ ಪೆಟ್ಟೇ ಬೇರೆ. ನಮ್ಮ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಎಂಬುದೂ ಅದಕ್ಕೇ ಅಂಟಿಕೊಂಡು ಬರುತ್ತದೆ, ಅಷ್ಟು ಹೊತ್ತಿಗೆ ಮಾತಾಡುವವರ ದನಿ ಇಳಿದಿರುತ್ತದೆ. ‘ನಾನು ಆ ಕೆಲಸ ಒಪ್ಪಿಕೊಳ್ಳಲಿಲ್ಲ’ ಎಂಬ ಮಾತಿನ ಬಾಲವನ್ನು ಸಾಫ್ಟ್‌ವೇರ್ ಗದ್ದಲವೆಂದು ನುಂಗಿದರೆ ‘ಒಪ್ಪಿಕೊಳ್ಳ...’ ಎಂಬಲ್ಲಿಗೆ ಮಾತು ನಿಂತಿತು. ಒಪ್ಪಿದರೋ ಬಿಟ್ಟರೋ ಕೇಳುಗರಿಗೆ ತಿಳಿಯದು. ಮಾತಿನ ಮೊದಲಿಗೆ ಬರುವ ‘ಹ’ಕಾರವೂ ಬರೀ ಉಸಿರು, ಅದು ಹೋದರೆ ‘ಹಾಡು’ ಹೋಗಿ ‘ಆಡು’ ಆಗುತ್ತದೆ. ಆದ್ದರಿಂದ ನಾಯ್ಸ್ ರಿಡಕ್ಷನ್ 6ರಿಂದ 8 ಡೆಸಿಬಲ್ ದಾಟದಿರಲಿ. ಅದಕ್ಕೂ ಮೊದಲು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಿರಿ, ಮೇಜು ಕುಟ್ಟಿದ ಸದ್ದು, ವಾಹನಗಳ ಮೊರೆತ ಬಹುಮಟ್ಟಿಗೆ ಅಲ್ಲಿಗೇ ಹೋಗುತ್ತವೆ.

ಮೂರು ಮೈಕ್ ಒಟ್ಟಿಗೆ ತೆರೆದಿದ್ದರೆ ಮೂರು ಕೋಣೆಗಳ ಗದ್ದಲ ಸೇರಿ ಸುಮಾರು 5 ಡೆಸಿಬಲ್ ಏರುತ್ತದೆ. ಒಬ್ಬರು ದೀರ್ಘವಾಗಿ ಮಾತಾಡುವಾಗ ಉಳಿದ ಟ್ರ್ಯಾಕ್‌ಗಳನ್ನು 12 ಡೆಸಿಬಲ್‌ನಷ್ಟು ಇಳಿಸಿ, ಪೂರ್ತಿ ಮುಚ್ಚಬೇಡಿ. ಪೂರ್ತಿ ಮುಚ್ಚಿದರೆ ಹಿನ್ನೆಲೆ ಬಂದು ಹೋಗುವುದು ಕಿವಿಗೆ ಚುಚ್ಚುತ್ತದೆ. ನಡುವೆ ಬರುವ ‘ಹೂಂ’, ‘ಹೌದ್ಹೌದು’ಗಳಲ್ಲಿ ಮಾತಿಗೆ ಅಡ್ಡ ಬರುವವನ್ನು ತೆಗೆಯಿರಿ. ನಗುವನ್ನು ಉಳಿಸಿಕೊಳ್ಳಿ, ಈಗ ಅದು ನಿಮ್ಮ ಕೈಯಲ್ಲಿದೆ. ಕೊನೆಗೆ ಪ್ರತಿ ಟ್ರ್ಯಾಕನ್ನೂ ಒಂದೇ ಗಟ್ಟಿತನಕ್ಕೆ ತಂದು, ಕೂಡಿಸಿದ ಮೇಲೆ ಇಡೀ ಕಂತನ್ನು ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಸರಾಸರಿ ಗಟ್ಟಿತನದ ಅಳತೆ), ಅತಿ ಎತ್ತರದ ಬಿಂದು ಮೈನಸ್ 1 ಡೆಸಿಬಲ್ ಮೀರದಂತೆ ಹೊಂದಿಸಿ. ಆ್ಯಪಲ್ ಪಾಡ್‌ಕಾಸ್ಟ್ಸ್ ಬಯಸುವ ಅಳತೆ ಅದೇ.

ಹಳೆಯ ಕಂತುಗಳ ವಿಷಯ. ಬಾವಿಯ ದನಿಯನ್ನು ಆಡೋಬಿ ಪಾಡ್‌ಕಾಸ್ಟ್‌ನಂಥ ಎಐ ಸಾಧನಗಳು ಸಾಕಷ್ಟು ಒಣಗಿಸುತ್ತವೆ, ಎಂದರೆ ಪ್ರತಿಧ್ವನಿಯನ್ನು ತಗ್ಗಿಸುತ್ತವೆ. ಹಾಗೆ ಸರಿಮಾಡಿದ್ದನ್ನು ಮೂಲದ ಪಕ್ಕದಲ್ಲಿಟ್ಟು ಪೂರ್ತಿ ಕೇಳಿ, ಅಕ್ಷರ ಬದಲಾಗಿರುವುದು ಸಿಗಬಹುದು. ತುಂಡಾದ ಮಾತು ಮಾತ್ರ ಫೈಲ್‌ನಲ್ಲೇ ಇಲ್ಲ, ಯಾವ ಸಾಧನವೂ ತರಲಾರದು. ಅದು ಪ್ರಶ್ನೆಯಾಗಿದ್ದರೆ ಕೇಳಿದವರೇ ಈಗ ಹೊಸದಾಗಿ ಹೇಳಿ ರೆಕಾರ್ಡ್ ಮಾಡಲಿ. ಉತ್ತರವಾಗಿದ್ದರೆ ಆ ಎರಡು ವಾಕ್ಯವನ್ನು ಬರೆದು ಕಳಿಸಿ, ಅಂದು ಕೂತಿದ್ದ ಕೋಣೆಯಲ್ಲೇ, ಅಂದಿನ ಸಾಧನದಲ್ಲೇ ಮತ್ತೆ ಹೇಳಿಸಿ. ಸುತ್ತಲಿನ ಮಾತಿಗೆ ಹೊಂದಲು ಆ ಸಣ್ಣ ತುಣುಕನ್ನೂ ಕರೆಯಲ್ಲೇ ರೆಕಾರ್ಡ್ ಮಾಡಬೇಕಾಗುತ್ತದೆ.