ಎರಡೇ ಮಕ್ಕಳಾದರೂ ಜನಸಂಖ್ಯೆ ಏರೋದು ಹೇಗೆ? ಹುಣಸೆಬೀಜದ ಲೆಕ್ಕ

ಕೆಎಎಸ್‌ಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಜನಸಂಖ್ಯಾ ನೀತಿ ಓದುವಾಗ ನಾನು ಎರಡು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ.

ಇಸವಿಗಳು ಸುಲಭ. 1952ರಲ್ಲಿ ಕುಟುಂಬ ಯೋಜನೆ. 1976ರಲ್ಲಿ ರಾಷ್ಟ್ರೀಯ ಜನಸಂಖ್ಯಾ ನೀತಿ. ಅದೇ ವರ್ಷದ ಸಂವಿಧಾನದ 42ನೇ ತಿದ್ದುಪಡಿಯಿಂದ ಈ ವಿಷಯ ಸಮವರ್ತಿ ಪಟ್ಟಿಗೆ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) ಬಂತು, ನಮೂದು 20ಎ. 2000ದ ನೀತಿ 2045ರ ಹೊತ್ತಿಗೆ ಜನಸಂಖ್ಯೆ ಸ್ಥಿರವಾಗಲಿ ಅಂದಿತು.

ತೊಡಕು ಇಲ್ಲಿದೆ. ಹೆಣ್ಣೊಬ್ಬಳಿಗೆ ಸರಾಸರಿ 2.1 ಮಕ್ಕಳಾದರೆ ಪೀಳಿಗೆ ಸಮ, ಅಂದರೆ ಮುಂದಿನ ಪೀಳಿಗೆ ಹಿಂದಿನದರಷ್ಟೇ ಇರುತ್ತೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ್ದು 2.0, ಕರ್ನಾಟಕದ್ದು 1.7. ಆದರೂ ಜನ ಜಾಸ್ತಿ ಆಗ್ತಾನೇ ಇದ್ದಾರೆ!

ಮಧುಗಿರಿ ಹತ್ತಿರ ನಮ್ಮೂರಲ್ಲಿ ಅಜ್ಜಿ ಜಗಲಿ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಾನು 70 ಬೀಜ ತಗೊಂಡು ಮೂರು ಸಾಲು ಜೋಡಿಸಿದೆ. ವಯಸ್ಸಾದವರು 10, ನಡುವಯಸ್ಸಿನವರು 20, ಮಕ್ಕಳು 40. ಹಿಂದೆ ಜೋಡಿಗೆ ನಾಲ್ಕು ಮಕ್ಕಳಾಗಿದ್ದ ಊರು ಅಂದುಕೊಳ್ಳಿ.

"ಚೌಕಾಬಾರ ಆಡ್ತಿದ್ದೀಯೇನೋ ಮಗ?" ಅಂದಳು ಅಜ್ಜಿ.

ಇನ್ನು ಮುಂದೆ ಜೋಡಿಗೆ ಎರಡೇ ಮಕ್ಕಳು. ಮೇಲಿನ 10 ತೆಗೆಯಿರಿ. 20 ಮೇಲಕ್ಕೆ ಹೋಯಿತು, 40 ನಡುವಿಗೆ ಬಂತು. ಆ 40 ಅಂದರೆ 20 ಜೋಡಿ, ಹುಟ್ಟೋದು 40. ಒಟ್ಟು 100! ಇನ್ನೊಂದು ಸುತ್ತು ನಡೆಸಿ. 40, 40, 40. ಒಟ್ಟು 120. ಆಮೇಲೆ ನಿಂತಿತು.

ಯಾರೂ ಎರಡಕ್ಕಿಂತ ಜಾಸ್ತಿ ಹೆರಲಿಲ್ಲ, 70 ಹೋಗಿ 120 ಆಯಿತು. ಹೆರುವ ವಯಸ್ಸಿಗೆ ಬರುವವರೇ ಜಾಸ್ತಿ ಇದ್ದರಲ್ವಾ, ಅದಕ್ಕೆ. ಪುಸ್ತಕದಲ್ಲಿ ಇದಕ್ಕೇ ಪಾಪ್ಯುಲೇಶನ್ ಮೊಮೆಂಟಮ್ ಅಂತಾರೆ. ಬೀಜ ಇಲ್ಲದಿದ್ದರೆ ನಾಣ್ಯ ಇಟ್ಟು ಮಾಡಿ, ಸುಮ್ನೆ ಓದಿದರೆ ತಲೆಗೆ ಹತ್ತಲ್ಲ.

ಈಗ ಕಾನೂನಿಗೆ ಬನ್ನಿ. ಎರಡು ಮಕ್ಕಳ ಮೇಲಿದ್ದರೆ ಪಂಚಾಯಿತಿಗೆ ನಿಲ್ಲುವಂತಿಲ್ಲ ಎಂಬ ಹರಿಯಾಣದ ಅಂದಿನ ನಿಯಮವನ್ನು 2003ರಲ್ಲಿ ಜಾವೇದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ 1.7ಕ್ಕೆ ಇಳಿದಿರುವ ನಮ್ಮಲ್ಲಿ ಅಂಥ ನಿಯಮಕ್ಕೆ ಕೆಲಸವೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ತುರ್ತುಪರಿಸ್ಥಿತಿಯ ಬಲವಂತದ ಆಪರೇಷನ್‌ಗಳು ಯೋಜನೆಯ ಹೆಸರನ್ನೇ ಕೆಡಿಸಿದವು. 1977ರಲ್ಲಿ ಅದು 'ಕುಟುಂಬ ಕಲ್ಯಾಣ' ಆಯಿತು.

ನಿಜವಾಗಿ ಕೆಲಸ ಮಾಡೋದು ಮದುವೆ ವಯಸ್ಸು. 20ಕ್ಕೆ ಹೆತ್ತರೆ ನೂರು ವರ್ಷಕ್ಕೆ ಐದು ಪೀಳಿಗೆ, 25ಕ್ಕಾದರೆ ನಾಲ್ಕೇ. ನಮ್ಮ ಅಜ್ಜಿಗೆ ಹದಿನೈದಕ್ಕೇ ಮದುವೆ. 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ಅದಕ್ಕೆ ಸಿಲುಕಿದವರೇ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕದ ತಿದ್ದುಪಡಿ ಅದನ್ನು ಮೊದಲಿಂದಲೇ ಅಸಿಂಧು ಮಾಡಿತು. ಜನಸಂಖ್ಯೆಯ ಉತ್ತರದಲ್ಲಿ ಇದನ್ನು ಖಂಡಿತ ಬರೆಯಿರಿ.

ಬೀಜ ಎತ್ತುವಾಗ ಇನ್ನೊಂದು ಕಂಡಿತು. ಮಕ್ಕಳ ಸಾಲು ಕೊನೆವರೆಗೂ 40. ಬೆಳೆದದ್ದು ಮೇಲಿನ ಎರಡು ಸಾಲು, ಅದರಲ್ಲೂ ವಯಸ್ಸಾದವರು 10ರಿಂದ 40. ಅಂದರೆ ಅಜ್ಜಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿಯೂ ಈ ಪಾಠದ್ದೇ.