ಯಾವ ಬಣ? ಹಸಿರು ಶಾಲು ಹಂಚಿಹೋದ ಕಥೆ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಡಿಸಿ ಆಫೀಸಿನ ಮುಂದೆ ರೈತ ಸಂಘದವರು ಕೂತಿದ್ದಾರೆ ಅಂದ ಕೂಡಲೇ ಜನ ಕೇಳೋದು ‘ಏನು ಬೇಡಿಕೆ’ ಅಂತ ಅಲ್ಲ, ‘ಯಾವ ಬಣ’ ಅಂತ. ಹೆಸರು ಹೆಚ್ಚುಕಮ್ಮಿ ಒಂದೇ, ಘೋಷಣೆಗಳೂ ಅವೇ. ಮನವಿ ಪತ್ರದ ಲೆಟರ್‌ಹೆಡ್ ನೋಡಿದರಷ್ಟೇ ವ್ಯತ್ಯಾಸ ಗೊತ್ತಾಗುತ್ತದೆ. ಹೊಸ ಹುಡುಗರಿಗಂತೂ ಇದು ತಲೆಬುಡ ತಿಳಿಯದ ವಿಷಯ. ಈ ಗೋಜಲು ಬಿಡಿಸಬೇಕಾದರೆ ಒಬ್ಬ ಕಾನೂನು ಮೇಷ್ಟ್ರ ಬದುಕಿನ ಜೊತೆ ಸ್ವಲ್ಪ ದೂರ ಹೋಗಬೇಕು.

ಎಂ.ಡಿ. ನಂಜುಂಡಸ್ವಾಮಿ ಹುಟ್ಟಿದ್ದು 1936ರಲ್ಲಿ, ಮೈಸೂರಿನಲ್ಲಿ. ಲೋಹಿಯಾ ವಿಚಾರ ಒಪ್ಪಿದ ಸಮಾಜವಾದಿ, ವಿದೇಶದಲ್ಲಿ ಓದಿ ಬಂದವರು. ಜನರ ಬಾಯಲ್ಲಿ ಕೊನೆಯವರೆಗೂ ಬರೀ ‘ಪ್ರೊಫೆಸರ್’. ರೈತ ಸಂಘ ಅಂದರೆ ಅವರೇ ಕಟ್ಟಿದ್ದು ಅಂತ ಈಗ ತುಂಬಾ ಜನ ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಶುರುವಾಗಿದ್ದು ಶಿವಮೊಗ್ಗದ ಕಬ್ಬು ಬೆಳೆಗಾರರಿಂದ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಆ ಕಾಲದ ಹೆಸರುಗಳು. ಇವತ್ತಿನ ದಾವಣಗೆರೆ ಜಿಲ್ಲೆಯ ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗಕ್ಕೇ ಸೇರಿದ್ದವು. ಹಾಗಾಗಿ ನಮ್ಮ ಕಡೆಗೆ ಚಳವಳಿ ಬಂದಿದ್ದು ಹೊರಗಿನಿಂದಲ್ಲ, ಪಕ್ಕದ ಹೊಲದಿಂದ.

ಅದಕ್ಕೂ ಹಿಂದಿನದನ್ನು ಎರಡು ಮಾತಿನಲ್ಲಿ ಹೇಳಬಹುದು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರ ಹೊಲದ ಮಾಲೀಕನಾದ. ಪಹಣಿ ಕೈಗೆ ಬಂದ ಮೇಲೆ ಹೈಬ್ರಿಡ್ ಬೀಜ, ಗೊಬ್ಬರ, ಪಂಪ್‌ಸೆಟ್ ಬಂದವು, ಅವುಗಳ ಜೊತೆಗೇ ಸಾಲವೂ ಬಂತು. ಬೆಳೆಯ ಬೆಲೆ ಮಾತ್ರ ಬೇರೆಲ್ಲೋ ನಿಗದಿಯಾಗುತ್ತಿತ್ತು.

ಕಿಡಿ ಹತ್ತಿದ್ದು ಮಲಪ್ರಭೆಯ ದಡದಲ್ಲಿ. ಅಣೆಕಟ್ಟಿನ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟಿಸ್ ಮನೆ ಮುಟ್ಟಿತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಆ ವರ್ಷವೇ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಸರ್ಕಾರ ಬದಲಾಗಿದ್ದಕ್ಕೆ ಇದೂ ಒಂದು ಕಾರಣ ಅನ್ನುವುದರಲ್ಲಿ ಹೆಚ್ಚು ತಕರಾರಿಲ್ಲ.

ಮುಂದಿನ ಆರೇಳು ವರ್ಷ ಇದೆಯಲ್ಲ, ಅದನ್ನು ನಿಧಾನವಾಗಿ ನೋಡಬೇಕು. ಆಗ ಸಾಲ ವಸೂಲಿ ಅಂದರೆ ಜಪ್ತಿ. ಸೊಸೈಟಿಯವರೋ ಬ್ಯಾಂಕಿನವರೋ ಜೀಪಿನಲ್ಲಿ ಬರುತ್ತಿದ್ದರು. ಕೊಪ್ಪರಿಗೆ, ಕೊಡ, ಪಂಪ್‌ಸೆಟ್ಟಿನ ಮೋಟರ್, ಕೆಲವು ಕಡೆ ಮನೆಯ ಬಾಗಿಲನ್ನೇ ಕಿತ್ತು ಹೇರಿಕೊಂಡು ಹೋಗುತ್ತಿದ್ದರು. ದುಡ್ಡಿನ ಲೆಕ್ಕದಲ್ಲಿ ಆ ಕೊಡ ಯಾವ ಸಾಲವನ್ನೂ ತೀರಿಸುತ್ತಿರಲಿಲ್ಲ. ಊರವರೆಲ್ಲ ನೋಡುತ್ತಿರುವಾಗ ಅದು ಹೊರಗೆ ಹೋಯಿತಲ್ಲ, ಅಷ್ಟು ಸಾಕಿತ್ತು.

ಸಂಘ ಹಿಡಿದಿದ್ದು ಸರಿಯಾಗಿ ಇದೇ ಜಾಗವನ್ನು. ಊರ ಬಾಗಿಲಿಗೆ ಬೋರ್ಡು ಬಂತು: ಸಂಘದ ಅನುಮತಿ ಇಲ್ಲದೆ ವಸೂಲಿ ಅಧಿಕಾರಿಗಳು ಒಳಗೆ ಬರಕೂಡದು. ಜಪ್ತಿ ಮಾಡಿದ್ದನ್ನು ಹತ್ತಾರು ಜನ ಹೋಗಿ ಆಫೀಸಿನಿಂದಲೇ ಎತ್ತಿಕೊಂಡು ಬರುತ್ತಿದ್ದರು. ಅದಕ್ಕೆ ಮರುಜಪ್ತಿ ಅಂತ ಹೆಸರು. ಕದ್ದುಮುಚ್ಚಿ ಅಲ್ಲ, ಹಾಡುಹಗಲೇ, ಹೇಳಿ ಹೋಗಿ. ತಂದ ಸಾಮಾನನ್ನು ಯಾರ ಮನೆಯದೋ ಆ ಮನೆಗೇ ಮುಟ್ಟಿಸುತ್ತಿದ್ದರು. ‘ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ’ ಅನ್ನೋ ಮಾತು ಗೋಡೆ ಗೋಡೆ ಮೇಲೆ ಬಂತು.

ಆ ಮಾತಿನ ಹಿಂದೆ ಒಂದು ಲೆಕ್ಕ ಇತ್ತು. ಬೆಳೆಯೋಕೆ ಆದ ಖರ್ಚು ಎಷ್ಟು, ಸರ್ಕಾರ ಕಡ್ಡಾಯವಾಗಿ ಕೊಳ್ಳುವ ಲೇವಿ ಅಂತಲೋ ಮಾರುಕಟ್ಟೆ ನಿಯಂತ್ರಣ ಅಂತಲೋ ಸಿಕ್ಕ ಬೆಲೆ ಎಷ್ಟು, ಇಷ್ಟು ವರ್ಷದ ವ್ಯತ್ಯಾಸ ಕೂಡಿದರೆ ಯಾರು ಯಾರಿಗೆ ಬಾಕಿ? ಪ್ರೊಫೆಸರ್ ಇದನ್ನು ಕೋರ್ಟಿನಲ್ಲಿ ವಾದ ಮಂಡಿಸುವ ಹಾಗೆ ಬಿಡಿಸಿ ಹೇಳುತ್ತಿದ್ದರು. ದನಿ ಏರಿಸುತ್ತಿರಲಿಲ್ಲ. ವ್ಯಂಗ್ಯ ಮಾತ್ರ ಚುರುಕು. ಕಚೇರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ನಿಲ್ಲುತ್ತಿದ್ದವನು ತಹಶೀಲ್ದಾರರ ಎದುರು ಕುರ್ಚಿ ಎಳೆದು ಕೂತಿದ್ದು ಆ ಕಾಲದಲ್ಲಿ. ಸಾಲ ಎಷ್ಟು ಮನ್ನಾ ಆಯಿತು ಅನ್ನೋದಕ್ಕಿಂತ ಇದೇ ದೊಡ್ಡದು ಅಂತ ನನಗನಿಸುತ್ತದೆ. ಹಸಿರು ಟವೆಲ್ ಹೆಗಲ ಮೇಲಿದ್ದರೆ ಬಸ್ಸಿನಲ್ಲಿ ಕಂಡಕ್ಟರ್ ಕೂಡ ಸ್ವಲ್ಪ ಹುಷಾರಾಗಿ ಮಾತಾಡುತ್ತಿದ್ದ ಅಂತ ಹಳಬರು ಈಗಲೂ ನಗುತ್ತಾರೆ.

ಇದೇ ಹೊತ್ತಿಗೆ ನೀಲಗಿರಿಯ ಗಲಾಟೆಯೂ ನಡೆಯುತ್ತಿತ್ತು. ಹರಿಹರದ ಎದುರು, ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಗೆ ನೀಲಗಿರಿ ಮರ ಬೇಕಿತ್ತು. ಅದಕ್ಕಾಗಿ 1984ರಲ್ಲಿ ಸರ್ಕಾರವೂ ಕಂಪನಿಯೂ ಸೇರಿ ಜಂಟಿ ಸಂಸ್ಥೆ ಮಾಡಿಕೊಂಡವು. ಸುಮಾರು 30 ಸಾವಿರ ಹೆಕ್ಟೇರ್ ಗೋಮಾಳ, ಗಾಯರಾಣು ನೀಲಗಿರಿಗೆ ಹೋಗಬೇಕಿತ್ತು. ಸಂಘದವರು ಅದಕ್ಕೂ ಮೊದಲೇ ತುಮಕೂರು ಕಡೆ ನೀಲಗಿರಿ ಸಸಿ ಕಿತ್ತಿದ್ದರು. 1987ರ ನವೆಂಬರ್ 14ರಂದು ಬೇರೆ ಸಂಘಟನೆಗಳ ಮುಂದಾಳತ್ವದಲ್ಲಿ ಹಾನಗಲ್ ಕಡೆಯ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಜಂಟಿ ಸಂಸ್ಥೆ 1991ರಲ್ಲಿ ಮುಚ್ಚಿತು.

ಆಮೇಲೆ ಚುನಾವಣೆ. 1989ರಲ್ಲಿ ಸಂಘ ರಾಜ್ಯದ ಉದ್ದಗಲಕ್ಕೂ ಅಭ್ಯರ್ಥಿ ಹಾಕಿತು. ಗೆದ್ದಿದ್ದು ಎರಡೇ ಕ್ಷೇತ್ರ, ಕಿತ್ತೂರು ಮತ್ತು ಧಾರವಾಡ ಗ್ರಾಮೀಣ. ಎರಡನ್ನೂ ಗೆದ್ದವರು ಒಬ್ಬರೇ, ಬಾಬಾಗೌಡ ಪಾಟೀಲರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ಉಪಚುನಾವಣೆಯಲ್ಲಿ ಗೆದ್ದು ಪ್ರೊಫೆಸರ್ ವಿಧಾನಸಭೆಗೆ ಹೋದರು. ಮೈದಾನಕ್ಕೆ ಲಕ್ಷ ಜನ ಬರುತ್ತಾರೆ, ಮತ ಮಾತ್ರ ಜಾತಿಗೆ, ಪಕ್ಷಕ್ಕೆ ಹೋಗುತ್ತದೆ. ಈ ಪೆಟ್ಟಿನಿಂದ ಸಂಘ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಕೆಲವರು ಪಕ್ಷಗಳ ಕಡೆ ಹೋದರು, ಪಾಟೀಲರೇ ಮುಂದೆ ಬಿಜೆಪಿ ಸೇರಿ ಕೇಂದ್ರ ಮಂತ್ರಿಯಾದರು. 1994ರಲ್ಲಿ ಪಾಂಡವಪುರದಿಂದ ಗೆದ್ದ ಕೆ.ಎಸ್. ಪುಟ್ಟಣ್ಣಯ್ಯ ಕಡೆಗೆ ಬೇರೆ ದಾರಿ ಹಿಡಿದರು. ಒಬ್ಬರ ಮಾತಿನ ಮೇಲೆ ನಿಂತ ಸಂಘಟನೆಯಲ್ಲಿ ಎರಡನೆಯ ಮಾತಿಗೆ ಜಾಗ ಕಮ್ಮಿ. ಹೊರಗೆ ಹೋದವರದ್ದಷ್ಟೇ ತಪ್ಪು ಅಂತ ಹೇಳೋಕಾಗಲ್ಲ, ಅಲ್ವಾ?

ಅಷ್ಟರಲ್ಲಿ ಪ್ರೊಫೆಸರರ ಕಣ್ಣು ದೆಹಲಿ ದಾಟಿ ಜಿನೀವಾ ಕಡೆ ತಿರುಗಿತ್ತು. ಗ್ಯಾಟ್ ಅನ್ನೋ ವಿಶ್ವ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವ, ಬೀಜದ ಪೇಟೆಂಟ್. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ರೈತರು ಕಡತಗಳನ್ನು ಹೊರಗೆಸೆದು ಬೆಂಕಿ ಹಾಕಿದರು. ಮರುವರ್ಷ ಬಳ್ಳಾರಿಯ ಬೀಜ ಘಟಕ, 1998ರಲ್ಲಿ ರಾಯಚೂರು ಕಡೆ ಬಿಟಿ ಹತ್ತಿಯ, ಅಂದರೆ ಕುಲಾಂತರಿ ಹತ್ತಿಯ, ಪ್ರಯೋಗದ ಹೊಲಗಳು ಅವರ ಸಿಟ್ಟಿಗೆ ಗುರಿಯಾದವು. ಲೋಕವೆಲ್ಲ ತಿರುಗಿ ನೋಡಿತು. ನಮ್ಮ ಕಡೆ ಏನಾಯಿತು ಅನ್ನೋದು ಬೇರೆ ಕಥೆ. ಮಿಲ್ಲುಗಳ ಊರು ಅಂತ ಹೆಸರಾಗಿದ್ದ ದಾವಣಗೆರೆಯಲ್ಲಿ ಮಿಲ್ಲು ಮುಚ್ಚಿದವು, ಸುತ್ತಲಿನ ಹೊಲಗಳಲ್ಲಿ ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂತು. ಅದೂ ಪ್ರತಿ ವರ್ಷ ಕಂಪನಿಯಿಂದಲೇ ಕೊಳ್ಳಬೇಕಾದ ಹೈಬ್ರಿಡ್ ಬೀಜ. ಯಾರೂ ಬಲವಂತ ಮಾಡಲಿಲ್ಲ. ಮಳೆ ಕಮ್ಮಿಯಾದರೂ ಬರುತ್ತೆ, ಕೂಲಿ ಜಾಸ್ತಿ ಬೇಡ, ಕೋಳಿ ಫಾರಂನವರು ಕೊಳ್ಳುತ್ತಾರೆ. ಎರಡು ದಶಕ ಕಳೆದ ಮೇಲೆ ಅದೇ ಕಾರ್ಗಿಲ್ ದಾವಣಗೆರೆ ಜಿಲ್ಲೆಯಲ್ಲೇ ಮೆಕ್ಕೆಜೋಳ ಸಂಸ್ಕರಿಸುವ ಕಾರ್ಖಾನೆ ತೆರೆಯಿತು. ಕಲ್ಲು ಬೀಳಲಿಲ್ಲ. ಕೊಳ್ಳೋಕೆ ಇನ್ನೊಬ್ಬರು ಬಂದರಲ್ಲ ಅಂತ ಸಮಾಧಾನ ಪಟ್ಟುಕೊಂಡವರೂ ಇದ್ದಾರೆ.

ಪ್ರೊಫೆಸರ್ ತೀರಿಕೊಂಡಿದ್ದು 2004ರ ಫೆಬ್ರುವರಿ 3ರಂದು. ಬಣಗಳು ಆಗಲೇ ಇದ್ದವು, ಆಮೇಲೆ ಲೆಕ್ಕ ತಪ್ಪಿತು. ಹಸಿರು ಶಾಲು ಎಲ್ಲ ಪಕ್ಷದವರ ಹೆಗಲನ್ನೂ ಏರಿತು. 2008ರ ಮೇ ಕೊನೆಯಲ್ಲಿ ರೈತರ ಹೆಸರಿನಲ್ಲೇ ಪ್ರಮಾಣವಚನ ತೆಗೆದುಕೊಂಡ ಸರ್ಕಾರ ಬಂತು. ಜೂನ್ 10ಕ್ಕೆ ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗೋಲಿಬಾರ್ ಆಗಿ ಇಬ್ಬರು ಪ್ರಾಣ ಕಳೆದುಕೊಂಡರು.

ಈಗಿನ ಜಗಳ ಇನ್ನೂ ಇಕ್ಕಟ್ಟಿನದು. ಭದ್ರಾ ನಾಲೆಯ ಕೊನೆಭಾಗದ ದಾವಣಗೆರೆ ರೈತನಿಗೆ ತನ್ನ ಪಾಲಿನ ನೀರು ಕಮ್ಮಿಯಾಗುವ ಭಯ. ಚಿತ್ರದುರ್ಗದವನಿಗೆ ಅದೇ ಭದ್ರೆಯ ನೀರು ತರಬೇಕಾದ 29.9 ಟಿಎಂಸಿಯ ಭದ್ರಾ ಮೇಲ್ದಂಡೆ ಯೋಜನೆ ಯಾವಾಗ ಮುಗಿಯುತ್ತೋ ಅನ್ನೋ ಚಿಂತೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು, ಆ ಹಣಕ್ಕಾಗಿ ಕೋಟೆ ಊರಿನಲ್ಲಿ ಧರಣಿ ನಡೆದವು. ಸರ್ಕಾರದ ವಿರುದ್ಧ ರೈತ ಅಂತ ಕಟ್ಟಿದ ಚಳವಳಿಗೆ, ರೈತನ ಎದುರೇ ರೈತ ನಿಂತಾಗ ಏನು ಹೇಳಬೇಕು ಅಂತ ಗೊತ್ತಾಗುತ್ತಿಲ್ಲ.

ಬೆಲೆಯ ಪ್ರಶ್ನೆಯನ್ನು ನಡುವೆ ಸಾಲ ಮನ್ನಾ ನುಂಗಿಹಾಕಿತು. 1990, 2008, 2017, 2018, ಕೇಂದ್ರವೋ ರಾಜ್ಯವೋ ಒಂದೊಂದು ಸಲ ಮನ್ನಾ ಮಾಡಿತು. ಗೊಬ್ಬರದಂಗಡಿಯ ಉದ್ರಿ ಲೆಕ್ಕ ಮಾತ್ರ ಯಾವ ಮನ್ನಾಕ್ಕೂ ಸೇರಲಿಲ್ಲ. ಮೆಕ್ಕೆಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ತೇವಾಂಶ ನೂರಕ್ಕೆ 14 ದಾಟಬಾರದು. ಕಟಾವಿನ ಹೊತ್ತಿಗೆ ಕಾಳು ಅಷ್ಟು ಒಣಗಿರೋದಿಲ್ಲ. ರಸ್ತೆ ಮೇಲೆ ಹರಡಿ ಬಿಸಿಲಿಗೆ ಕಾಯಬೇಕು. ಅಷ್ಟರಲ್ಲಿ ಉದ್ರಿ ಕೊಟ್ಟವನು ಬಂದು ನಿಲ್ಲುತ್ತಾನೆ. ಖರೀದಿ ಕೇಂದ್ರದ ಆದೇಶ ಬರೋ ಹೊತ್ತಿಗೆ ಬಹಳಷ್ಟು ಮಂದಿಯ ಜೋಳ ಎಪಿಎಂಸಿಯಲ್ಲಿ ತೂಕವಾಗಿ, ಸಿಕ್ಕಿದ ರೇಟಿಗೆ ಲಾರಿ ಹತ್ತಿರುತ್ತದೆ.