ಕ್ರೋನ್ಸ್ ಇರುವ ಮಗುವಿಗೆ ಫಾರ್ಮುಲಾ: ಲೆಕ್ಕ, ಕಲಸುವ ಕ್ರಮ, ಎಡವುವ ಜಾಗಗಳು

ಮಕ್ಕಳ ಐಬಿಡಿ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಗಳು) ಓದುವಾಗ ಮೊದಲು ಎರಡು ಕಾಯಿಲೆಗಳನ್ನು ಬೇರೆ ಮಾಡಿಕೊಳ್ಳಿ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಪೋಷಣೆ ಬರೀ ಆಸರೆ. ಕ್ರೋನ್ಸ್‌ನಲ್ಲಿ ಪೋಷಣೆಯೇ ಔಷಧ: 6ರಿಂದ 8 ವಾರ ಬೇರೇನೂ ತಿನ್ನದೆ ದ್ರವ ಫಾರ್ಮುಲಾ ಮಾತ್ರ ಕುಡಿದರೆ ಉರಿಯೂತ ಸ್ಟೀರಾಯ್ಡ್ ಕೊಟ್ಟಷ್ಟೇ ಇಳಿಯುತ್ತದೆ, ಮಗುವಿನ ಎತ್ತರಕ್ಕೂ ಪೆಟ್ಟಿಲ್ಲ. ನಮ್ಮ ಭಾಗದಲ್ಲಿ ಕರುಳಿನ ಕ್ಷಯವೂ ಇದೇ ಲಕ್ಷಣಗಳಲ್ಲಿ ಬರುತ್ತದೆ, ಅದನ್ನು ಮೊದಲೇ ಪರೀಕ್ಷಿಸಿ ನೋಡಬೇಕು.

ಲೆಕ್ಕ ಹೀಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯಲ್ಲಿ 7–9 ವರ್ಷದ ಮಗುವಿಗೆ ದಿನಕ್ಕೆ 1700 ಕಿಲೊಕ್ಯಾಲರಿ. ನಮ್ಮ ಗುರಿ ಅದರ 120%, ಎಂದರೆ 2040. ಮಿಲಿಗೆ 1 ಕಿಲೊಕ್ಯಾಲರಿ ಇರುವ ಪಾಲಿಮರಿಕ್ (ಪ್ರೋಟೀನನ್ನು ಒಡೆಯದೆ ಇಡಿಯಾಗಿ ಇಟ್ಟ) ಫಾರ್ಮುಲಾ ಸುಮಾರು 2 ಲೀಟರ್, 250 ಮಿಲಿಯಂತೆ 8 ಸಲ. ಮೂರ್ನಾಲ್ಕು ದಿನದಲ್ಲಿ ಹಂತಹಂತವಾಗಿ ಪೂರ್ತಿ ಪ್ರಮಾಣಕ್ಕೆ ಏರಿಸಿ, ಆಮೇಲೆ ವಾರವಾರದ ತೂಕ ನೋಡಿ ತಿದ್ದಿ. 2 ಲೀಟರಿನಲ್ಲಿ ನೀರು ಸುಮಾರು 1.7 ಲೀಟರ್ ಮಾತ್ರ. ಕಲಬುರಗಿಯ ಮೇ ಬಿಸಿಲಿಗೆ ಅದು ಸಾಲದು, ಬರೀ ನೀರು ಬೇರೆ ಕೊಡಿ.

ಅಳತೆಯ ನೀರು ಮೊದಲು, ಮೇಲೆ ಡಬ್ಬಿಯದೇ ಚಮಚೆಯಲ್ಲಿ ಮಟ್ಟಸವಾಗಿ ಪುಡಿ. ಡಬ್ಬಿ ಎರಡು ದಿನ ಹೆಚ್ಚು ಬರಲೆಂದು ತೆಳ್ಳಗೆ ಕಲಸಿದರೆ ಕ್ಯಾಲರಿ ಕೈತಪ್ಪುತ್ತದೆ. ಗಟ್ಟಿ ಮಾಡಿದರೆ ಭೇದಿ. ಮಾಲ್ಟ್ ಪುಡಿ, ಅಂಗಡಿಯ ಪ್ರೋಟೀನ್ ಪುಡಿ ಇದಕ್ಕೆ ಬದಲಿಯಲ್ಲ. ಅವು ಪರಿಪೂರ್ಣ ಆಹಾರವೇ ಅಲ್ಲ. ಕಲಸಿದ್ದು ಫ್ರಿಜ್ಜಿನಲ್ಲಿ 24 ಗಂಟೆ, ಹೊರಗೆ ಹೆಚ್ಚೆಂದರೆ 4 ಗಂಟೆ. ಕರೆಂಟ್ ಹೋಗಿಬರುವ ಮನೆಯಲ್ಲಿ ಆಯಾ ಹೊತ್ತಿಗೆ ಕಲಸುವುದೇ ಲೇಸು.

ಹೆಚ್ಚು ಸೋಲು ಕಾಣುವುದು ಅಡುಗೆಮನೆಯಲ್ಲಿ. "ರೊಟ್ಟಿ ತಿನ್ನದ ಕೂಸಿಗೆ ತಾಕತ್ತು ಎಲ್ಲಿಂದ ಬರ್ತದ?" ಎಂದು ಅಜ್ಜಿ ಕೇಳುವುದು ಪ್ರೀತಿಯಿಂದಲೇ. ಆದರೆ 2006ರ ಒಂದು ಅಧ್ಯಯನದಲ್ಲಿ ಅರ್ಧ ಫಾರ್ಮುಲಾ, ಅರ್ಧ ಇಷ್ಟಬಂದ ಊಟ ಮಾಡಿದ ಮಕ್ಕಳಲ್ಲಿ ರೋಗ ತಗ್ಗಿದ್ದು 15% ಜನಕ್ಕೆ. ಪೂರ್ತಿ ಫಾರ್ಮುಲಾದವರಲ್ಲಿ 42%. ಇದನ್ನು ಅಜ್ಜಿಗೂ ಕೂಡಿಸಿಕೊಂಡು ಮೊದಲ ದಿನವೇ ಹೇಳಬೇಕು. ರುಚಿ ಬೇಸರವಾಗಿ ಮಗು ಕುಡಿಯದಿದ್ದರೆ ಬೈಯುವುದು ಬೇಡ, ಮೂಗಿನ ನಳಿಕೆಯಿಂದ ಕೊಡುವ ದಾರಿ ಇದೆ. 2–3 ವಾರ ಕಟ್ಟುನಿಟ್ಟಾಗಿ ಕುಡಿದರೂ ಗುಣ ಕಾಣದಿದ್ದರೆ ಚಿಕಿತ್ಸೆಯನ್ನೇ ಮರುಯೋಚಿಸಬೇಕು.

ಬಹಳ ಸೊರಗಿದ ಮಗುವಿಗೆ ಮೇಲಿನ ಲೆಕ್ಕ ಅಪಾಯ. ದಿಢೀರನೆ ಸಕ್ಕರೆ ಅಂಶ ಬಿದ್ದರೆ ಇನ್ಸುಲಿನ್ ಏರಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ರಕ್ತದಿಂದ ಜೀವಕೋಶದೊಳಕ್ಕೆ ಸರಿಯುತ್ತವೆ; ಹೃದಯದ ಲಯ ತಪ್ಪಬಹುದು. ಅಂಥವರನ್ನು ಆಸ್ಪತ್ರೆಯಲ್ಲೇ ಇಟ್ಟು, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಗುರಿಯ ಅರ್ಧಕ್ಕಿಂತ ಕಡಿಮೆಯಿಂದ ತೊಡಗಿ, ಮೊದಲ ದಿನಗಳಲ್ಲಿ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಊಟಕ್ಕೆ ಮರಳುವಾಗ ಫಾರ್ಮುಲಾ ಇಳಿಸುತ್ತ ಮೆತ್ತನೆ ಅನ್ನ, ಖಾರವಿಲ್ಲದ ತೊಗರಿಬೇಳೆ ಕಟ್ಟು, ಇಡ್ಲಿ, ಮೊಸರು. ಕರುಳು ಕಿರಿದಾಗಿದ್ದರೆ ಸಿಪ್ಪೆಯ ಕಾಳು, ಶೇಂಗಾ, ನಾರಿನ ತರಕಾರಿ ದೂರ. ಹಾಲನ್ನು ಕಾರಣವಿಲ್ಲದೆ ಬಿಡಿಸಬೇಡಿ, ಸುಣ್ಣಾಂಶ ಬೇಕು. ರೋಗಕ್ಕೆ ಮೆಥೊಟ್ರೆಕ್ಸೇಟ್ ಎಂಬ ಔಷಧ ನಡೆಯುತ್ತಿದ್ದರೆ ಜೊತೆಗೆ ಫೋಲಿಕ್ ಆಮ್ಲ ಕೊಡಿ. ರೋಗ ಸಕ್ರಿಯವಿದ್ದು ರಕ್ತಹೀನತೆ ತೀವ್ರವಾಗಿದ್ದರೆ ಕಬ್ಬಿಣದ ಮಾತ್ರೆ ಸರಿಯಾಗಿ ಹೀರಿಕೆಯಾಗದು. ಆಗ ರಕ್ತನಾಳದ ಮೂಲಕ ಕೊಡುವುದು ವಾಸಿ. ಪ್ರತಿ ಭೇಟಿಯಲ್ಲೂ ತೂಕದ ಜೊತೆ ಎತ್ತರ ಅಳೆದು ಬೆಳವಣಿಗೆ ಚಾರ್ಟಿನಲ್ಲಿ ಚುಕ್ಕೆ ಇಡಿ.